ಗೊಬ್ಬರ ಹಾಕದ ಗಿಡವೇ ಎತ್ತರ ಬಂತು, ಮಗನ ಪ್ರಯೋಗ ತಪ್ಪಾ?

ಓದುಗರ ಪ್ರಶ್ನೆ: ನಾವು ಸೋಮವಾರಪೇಟೆ ಕಡೆಯವರು. ಮಗ ಏಳನೇ ಕ್ಲಾಸ್. ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ‘ಗೊಬ್ಬರ ಹಾಕಿದರೆ ಗಿಡ ಚೆನ್ನಾಗಿ ಬೆಳೆಯುತ್ತದೆಯೇ?’ ಅಂತ ಒಂದು ಪ್ರಯೋಗ ಮಾಡಿದ. ಎರಡು ಕುಂಡದಲ್ಲಿ ಹೆಸರುಕಾಳು ಹಾಕಿದ. ಹಟ್ಟಿಗೊಬ್ಬರ ಬೆರೆಸಿದ ಕುಂಡ ಅಂಗಳದಲ್ಲಿತ್ತು. ಬರೀ ಮಣ್ಣಿನ ಕುಂಡ ಜಗಲಿಯಲ್ಲಿ. 15 ದಿನ ಬಿಟ್ಟು ಅಳೆದರೆ ಗೊಬ್ಬರದ ಗಿಡ 9 ಸೆಂ.ಮೀ., ಗೊಬ್ಬರ ಇಲ್ಲದ್ದು 17 ಸೆಂ.ಮೀ.! ಅವನು ಅದನ್ನೇ ಬರೆದುಕೊಂಡು ಹೋದ. ಟೀಚರ್ ಕೆಂಪು ಪೆನ್ನಿನಲ್ಲಿ ‘ಕಂಟ್ರೋಲ್ಡ್ ವೇರಿಯಬಲ್ಸ್ ಎಲ್ಲಿ?’ ಅಂತ ಬರೆದು ಕಳಿಸಿದ್ದಾರೆ. ಪುಸ್ತಕ ನೋಡಿ ‘ಉಳಿದದ್ದೆಲ್ಲ ಒಂದೇ ಥರ ಇಡಬೇಕು’ ಅಂತ ಹೇಳಿದೆ. ‘ಎಲ್ಲ ಒಂದೇ ಥರ ಇಟ್ಟರೆ ಗಿಡವೂ ಒಂದೇ ಥರ ಬರುತ್ತೆ, ಮತ್ತೆ ಪ್ರಯೋಗ ಯಾಕೆ?’ ಅಂತಾನೆ. ಈ ಜುಲೈ ಮಳೆಯಲ್ಲಿ ಏನನ್ನು ಕಂಟ್ರೋಲ್ ಮಾಡೋದು, ಇದಕ್ಕೆಲ್ಲ ಲ್ಯಾಬ್ ಬೇಕು ಅನ್ನುತ್ತಾರೆ ನನ್ನ ಗಂಡ. ಮಾವನವರು, ‘ನಾವು ತೋಟಕ್ಕೆ ಗೊಬ್ಬರ ಹಾಕ್ತೀವಿ, ಫಸಲು ನೋಡ್ತೀವಿ, ಅಷ್ಟೇ’ ಅನ್ನುತ್ತಾರೆ. ಪ್ರದರ್ಶನಕ್ಕೆ ಒಂದು ತಿಂಗಳಿದೆ. ಇವನಿಗೆ ಹೇಗೆ ಅರ್ಥ ಮಾಡಿಸಲಿ? ಪ್ರಯೋಗ ಮತ್ತೆ ಮಾಡಿಸಲಾ, ಬಿಡಲಾ?

ಉತ್ತರ:

ಮೊದಲು ಒಂದು ಮಾತು. ನಿಮ್ಮ ಮಗ ಬಂದ ಅಳತೆಯನ್ನು ಬಂದ ಹಾಗೇ ಬರೆದಿದ್ದಾನೆ. ಗೊಬ್ಬರದ ಗಿಡ ಗೆಲ್ಲಬೇಕಿತ್ತು ಅಂತ ಗೊತ್ತಿದ್ದರೂ 9 ಅನ್ನು 19 ಮಾಡಲಿಲ್ಲ. ವಿಜ್ಞಾನ ಪಾಠ ಮಾಡುತ್ತಾ, ಪ್ರದರ್ಶನಗಳಲ್ಲಿ ತೀರ್ಪುಗಾರನಾಗಿ ಕೂರುತ್ತಾ ನಾನು ನೋಡಿರುವ ಮಟ್ಟಿಗೆ ಇದು ಅಪರೂಪ. ಎಷ್ಟೋ ಚಾರ್ಟುಗಳಲ್ಲಿ ಪ್ರಯೋಗಕ್ಕಿಂತ ಮುಂಚೆಯೇ ಫಲಿತಾಂಶ ಬರೆದಿಟ್ಟಿರುತ್ತಾರೆ. ಆದ್ದರಿಂದ ‘ತಪ್ಪು ಮಾಡಿದ್ದೀಯ’ ಅಂತ ಶುರು ಮಾಡಬೇಡಿ.

ನಿಮ್ಮ ಚಿಂತೆ ಒಂದಲ್ಲ, ಎರಡು. ಮಗನಿಗೆ ವಿಷಯ ತಿಳಿಸೋದು ಹೇಗೆ ಅನ್ನೋದು ಒಂದು. ಕೊಡಗಿನ ಮಳೆಗಾಲದಲ್ಲಿ, ಮನೆಯಲ್ಲಿ, ಒಂದು ತಿಂಗಳಲ್ಲಿ ಸರಿಯಾದ ಪ್ರಯೋಗ ಮಾಡೋದು ಸಾಧ್ಯವಾ ಅನ್ನೋದು ಇನ್ನೊಂದು. ಎರಡಕ್ಕೂ ದಾರಿ ಇದೆ. ಅದಕ್ಕೆ ಮುಂಚೆ ಆ 17 ಸೆಂ.ಮೀ. ಗಿಡದ ಹತ್ತಿರ ಹೋಗಿ ಕೂರೋಣ. ಯಾಕಂದ್ರೆ ಪಾಠ ಇರೋದೇ ಅಲ್ಲಿ.

ಆ ಗಿಡವನ್ನು ಚೆನ್ನಾಗಿ ನೋಡಿ. ಕಾಂಡ ತೆಳ್ಳಗೆ, ಬಿಳಿಚಿಕೊಂಡ ಹಾಗಿರುತ್ತದೆ. ಎಲೆ ಚಿಕ್ಕದು, ತಿಳಿ ಹಳದಿ ಮಿಶ್ರಿತ ಹಸಿರು. ಗಿಡ ಅಂಗಳದ ಕಡೆಗೆ, ಅಂದರೆ ಬೆಳಕಿನ ಕಡೆಗೆ, ವಾಲಿರುತ್ತದೆ. ಬೆರಳಿನಿಂದ ಮುಟ್ಟಿದರೆ ಬೀಳೋ ಹಾಗಿರುತ್ತದೆ. ಬೆಳಕು ಸಾಲದಿದ್ದಾಗ ಎಳೆ ಗಿಡ ಮಾಡೋದೇ ಇದು. ಎಲೆ ಅಗಲ ಮಾಡೋ ಬದಲು ಇರೋ ಶಕ್ತಿಯನ್ನೆಲ್ಲ ಕಾಂಡ ಉದ್ದ ಮಾಡಲು ಸುರಿಯುತ್ತದೆ, ಬೆಳಕು ಸಿಗಲಿ ಅಂತ. ಕೊಡಗಿನ ಹಳೇ ಮನೆಯ ಜಗಲಿ, ಮೇಲೆ ಇಳಿಜಾರು ಹೆಂಚು, ಹೊರಗೆ ಮೋಡ. ಅಲ್ಲಿ ಗಿಡ ಉದ್ದ ಬಂದಿದ್ದರಲ್ಲಿ ಆಶ್ಚರ್ಯ ಇಲ್ಲ.

ಅಂಗಳದ ಕುಂಡದ್ದು ಬೇರೆ ಕತೆ. ಅಲ್ಲಿ ಬೆಳಕು ಜಾಸ್ತಿ, ಹಾಗಾಗಿ ಗಿಡ ಗಿಡ್ಡ. ಜೊತೆಗೆ ಹಗಲೂ ರಾತ್ರಿ ಮಳೆ ಬಿದ್ದು ಮಣ್ಣು ಕೆಸರಾಗಿರುತ್ತದೆ. ಮಣ್ಣಿನ ಸಂದಿಯಲ್ಲೆಲ್ಲ ನೀರು ತುಂಬಿಕೊಂಡರೆ ಬೇರಿಗೆ ಗಾಳಿ ಸಿಗುವುದಿಲ್ಲ. ಬೆಳವಣಿಗೆ ಕುಂಟುತ್ತದೆ, ಬುಡ ಕೊಳೆಯಲೂಬಹುದು.

ಈಗ ಲೆಕ್ಕ ಹಾಕಿ. ಎರಡು ಕುಂಡದ ನಡುವೆ ಗೊಬ್ಬರ ಬೇರೆ, ಬೆಳಕು ಬೇರೆ, ನೀರೂ ಬೇರೆ. ಫಲಿತಾಂಶದಲ್ಲಿ 8 ಸೆಂ.ಮೀ. ವ್ಯತ್ಯಾಸ. ಈ 8ರಲ್ಲಿ ಗೊಬ್ಬರದ ಪಾಲು ಎಷ್ಟು? ಹೇಳಲು ಬರುವುದಿಲ್ಲ. ಟೀಚರ್ ಬರೆದದ್ದರ ಅರ್ಥ ಇಷ್ಟೇ. ಉತ್ತರ ತಪ್ಪು ಅಂತ ಅವರು ಹೇಳಿಲ್ಲ. ಈ ಉತ್ತರ ಯಾವ ಪ್ರಶ್ನೆಗೆ ಬಂದದ್ದು ಅಂತ ಗೊತ್ತಾಗುತ್ತಿಲ್ಲ ಅಂತ ಹೇಳಿದ್ದಾರೆ.

ಇದನ್ನು ಮಗನಿಗೆ ನೀವು ಹೇಳಬೇಡಿ, ಕೇಳಿ. ಗಿಡದ ಮುಂದೆ ಕೂರಿಸಿಕೊಂಡು, ‘ಗೊಬ್ಬರ ಬಿಟ್ಟು ಇನ್ನೇನು ಕಾರಣ ಇರಬಹುದು?’ ಅಂತ ಒಂದೇ ಪ್ರಶ್ನೆ ಕೇಳಿ. ಉತ್ತರ ಬಂದಮೇಲೆ ‘ಆಮೇಲೆ?’ ಅನ್ನಿ. ಮೊದಲೆರಡು ಉತ್ತರ ಬೇಗ ಬರುತ್ತವೆ. ನಂತರ ಸ್ವಲ್ಪ ಸುಮ್ಮನಿರುತ್ತಾನೆ. ಆ ಹೊತ್ತಿನಲ್ಲಿ ನೀವೂ ಸುಮ್ಮನಿರಿ. ಅಪ್ಪ ಅಮ್ಮಂದಿರಿಗೆ ಇದೇ ಕಷ್ಟ, ನನಗೆ ಗೊತ್ತು. ಅವನು ಹೇಳಿದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಳ್ಳಲಿ. ಆ ಪಟ್ಟಿಯೇ ಅವನ ನಿಯಂತ್ರಿತ ಅಂಶಗಳ, ಅಂದರೆ ಟೀಚರ್ ಕೇಳಿದ ‘ಕಂಟ್ರೋಲ್ಡ್ ವೇರಿಯಬಲ್ಸ್’ ಪಟ್ಟಿ. ಪುಸ್ತಕದಿಂದ ನಕಲು ಮಾಡಬೇಕಾಗಿಲ್ಲ.

‘ಎಲ್ಲ ಒಂದೇ ಥರ ಇಟ್ಟರೆ ಪ್ರಯೋಗ ಯಾಕೆ?’ ಅನ್ನೋ ಅವನ ಪ್ರಶ್ನೆ ನನಗೆ ಬಹಳ ಇಷ್ಟವಾಯಿತು. ಅದರಲ್ಲಿ ತರ್ಕ ಇದೆ. ನಿಜವಾಗಿಯೂ ಎಲ್ಲವೂ ಒಂದೇ ಥರ ಇದ್ದರೆ ಪ್ರಯೋಗವೇ ಆಗುವುದಿಲ್ಲ. ಒಂದನ್ನು ಬೇಕಂತಲೇ ಬೇರೆ ಮಾಡಬೇಕು, ಆ ಒಂದನ್ನು ಬಿಟ್ಟು ಉಳಿದದ್ದು ಒಂದೇ ಥರ. ನಮ್ಮ ಕಡೆ ಮಕ್ಕಳಿಗೆ ಇದನ್ನು ಹಾಕಿ ಆಟದ ಉದಾಹರಣೆಯಲ್ಲಿ ಹೇಳಿದರೆ ಥಟ್ಟನೆ ಹತ್ತುತ್ತದೆ. ಹೊಸ ಸ್ಟಿಕ್, ಹಳೇ ಸ್ಟಿಕ್, ಯಾವುದರಲ್ಲಿ ಚೆಂಡು ದೂರ ಹೋಗುತ್ತದೆ ಅಂತ ನೋಡಬೇಕು. ಹೊಸದರಲ್ಲಿ ಅಣ್ಣ ಒಣ ಮೈದಾನದಲ್ಲಿ ಹೊಡೆದ, ಹಳೇದರಲ್ಲಿ ತಮ್ಮ ಒದ್ದೆ ಹುಲ್ಲಿನಲ್ಲಿ ಹೊಡೆದ. ಕೇಳಿದ ತಕ್ಷಣ ಯಾವ ಮಗುವೂ ‘ಅದು ಮೋಸ’ ಅನ್ನುತ್ತದೆ. ಯಾಕೆ ಮೋಸ ಅಂತ ಅದರ ಬಾಯಲ್ಲೇ ಹೇಳಿಸಿ.

ಈ ವಯಸ್ಸಿಗೆ ಇದು ಕಷ್ಟವಾಗೋದು ಸಹಜ. 1950ರ ದಶಕದಲ್ಲಿ ಪಿಯಾಜೆ ಮತ್ತು ಇನ್‌ಹೆಲ್ಡರ್ ಎಂಬ ಮನಶ್ಶಾಸ್ತ್ರಜ್ಞರು ಮಕ್ಕಳ ಕೈಗೆ ಲೋಲಕ, ಅಂದರೆ ದಾರಕ್ಕೆ ಕಟ್ಟಿ ತೂಗಾಡಿಸುವ ಗುಂಡು, ಕೊಟ್ಟು ನೋಡಿದ್ದರು. ದಾರದ ಉದ್ದ, ಗುಂಡಿನ ತೂಕ, ಬಿಡುವ ಎತ್ತರ, ತಳ್ಳುವ ಬಲ. ಇವುಗಳಲ್ಲಿ ಯಾವುದರಿಂದ ಅದು ಬೇಗ ತೂಗುತ್ತದೆ? ಚಿಕ್ಕ ಮಕ್ಕಳು ಉದ್ದವನ್ನೂ ತೂಕವನ್ನೂ ಒಟ್ಟಿಗೇ ಬದಲಾಯಿಸಿ, ‘ತೂಕದಿಂದಲೇ’ ಅಂತ ತೀರ್ಮಾನಿಸುತ್ತಿದ್ದರು. ಹಾಗಾದರೆ ವಯಸ್ಸಾಗುವ ತನಕ ಕಾಯಬೇಕಾ? ಬೇಡ. 1999ರಲ್ಲಿ ಚೆನ್ ಮತ್ತು ಕ್ಲಾರ್ ಎಂಬ ಸಂಶೋಧಕರು ಎರಡರಿಂದ ನಾಲ್ಕನೇ ತರಗತಿಯ ಮಕ್ಕಳ ಮೇಲೇ ಇದನ್ನು ಪರೀಕ್ಷಿಸಿದರು. ಸಾಮಾನು ಕೊಟ್ಟು ‘ಮಾಡಿಕೋ’ ಅಂತ ಬಿಟ್ಟ ಮಕ್ಕಳಿಗಿಂತ, ಮೋಸದ ಹೋಲಿಕೆ ಯಾವುದು, ಸರಿಯಾದದ್ದು ಯಾವುದು ಅಂತ ಉದಾಹರಣೆ ಇಟ್ಟು ವಿವರಿಸಿದ ಮಕ್ಕಳು ಚೆನ್ನಾಗಿ ಕಲಿತರು. ನಿಮ್ಮ ಮನೆಯಲ್ಲಿ ಮೋಸದ ಹೋಲಿಕೆಯ ಉದಾಹರಣೆ ಈಗಾಗಲೇ ಬೆಳೆದು ನಿಂತಿದೆ ಅಲ್ವಾ?

ಇನ್ನು ನಿಮ್ಮ ಯಜಮಾನರ ಮಾತು. ‘ಕಂಟ್ರೋಲ್’ ಅಂದರೆ ಮಳೆಗೆ ಬ್ರೇಕ್ ಹಾಕೋದು ಅಂತ ತುಂಬ ಜನ ಅಂದುಕೊಂಡಿದ್ದಾರೆ. ಮಳೆ ನಮ್ಮ ಕೈಯಲ್ಲಿ ಇರಬೇಕಾಗಿಲ್ಲ. ಎರಡೂ ಕುಂಡಕ್ಕೆ ಅದೇ ಮಳೆ, ಅಷ್ಟೇ ಮಳೆ ಬಿದ್ದರೆ ಸಾಕು. ಅಕ್ಕಪಕ್ಕ ಇಟ್ಟರೆ ಕೆಲಸ ಮುಗಿಯಿತು. ಒಂದನ್ನು ಮಳೆ ಸುರಿಯುವ ಭಾಗಮಂಡಲದ ಅತ್ತೆ ಮನೆಯಲ್ಲಿ, ಇನ್ನೊಂದನ್ನು ಮಳೆ ಕಡಿಮೆ ಇರುವ ಕುಶಾಲನಗರದ ಚಿಕ್ಕಪ್ಪನ ಮನೆಯಲ್ಲಿ ಇಟ್ಟರೆ ಮಾತ್ರ ಫಜೀತಿ. ಲ್ಯಾಬ್ ಇದ್ದರೆ ಅನುಕೂಲ, ನಿಜ. ಆದರೆ ಹೀಗೆ ಉಳಿದದ್ದೆಲ್ಲ ಒಂದೇ ಥರ ಇಟ್ಟು ಮಾಡಿದ ಬಹಳ ಹೆಸರಾದ ಪ್ರಯೋಗವೊಂದು ನಡೆದದ್ದು ಅಲುಗಾಡುವ ಹಡಗಿನಲ್ಲಿ. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ನೌಕಾಪಡೆಯ ವೈದ್ಯ, ಸ್ಕರ್ವಿ ಕಾಯಿಲೆ ಬಂದ 12 ನಾವಿಕರನ್ನು ಆರಿಸಿಕೊಂಡ. ಆದಷ್ಟೂ ಒಂದೇ ಥರದ ರೋಗಿಗಳು. ಎಲ್ಲರನ್ನೂ ಒಂದೇ ಜಾಗದಲ್ಲಿ ಮಲಗಿಸಿದ, ಎಲ್ಲರಿಗೂ ಒಂದೇ ಊಟ. ಇಬ್ಬಿಬ್ಬರಂತೆ ಆರು ಜೋಡಿ ಮಾಡಿ, ಜೋಡಿಗೊಂದು ಔಷಧಿ ಕೊಟ್ಟ. ಒಂದು ಜೋಡಿಗೆ ವಿನೆಗರ್, ಒಂದಕ್ಕೆ ಸಮುದ್ರದ ನೀರು, ಹೀಗೆ. ದಿನಕ್ಕೆ ಎರಡು ಕಿತ್ತಳೆ, ಒಂದು ನಿಂಬೆ ಸಿಕ್ಕ ಜೋಡಿ ಬೇಗ ಚೇತರಿಸಿಕೊಂಡಿತು. ಆರು ದಿನಕ್ಕೆ ಹಣ್ಣು ಖಾಲಿ, ಅಷ್ಟರಲ್ಲಿ ಅವರಲ್ಲೊಬ್ಬ ಕೆಲಸಕ್ಕೆ ಏಳುವಂತಾಗಿದ್ದ. ವಿಟಮಿನ್ ಸಿ ಅಂತ ಒಂದಿದೆ, ಅದರ ಕೊರತೆಯಿಂದಲೇ ಸ್ಕರ್ವಿ ಬರುತ್ತದೆ ಅಂತ ಆಗ ಯಾರಿಗೂ ಗೊತ್ತಿರಲಿಲ್ಲ. ಊಟ, ಜಾಗ ಎಲ್ಲ ಒಂದೇ ಇದ್ದದ್ದರಿಂದ ಹಣ್ಣಿನ ಕಡೆ ಬೊಟ್ಟು ಮಾಡಿ ತೋರಿಸಲು ಆಯಿತು. ಕಿತ್ತಳೆ ನಾಡಿನ ಹುಡುಗನಿಗೆ ಈ ಕತೆ ಹೇಳಿ, ಇಷ್ಟವಾಗುತ್ತದೆ. (ಬ್ರಿಟಿಷ್ ನೌಕಾಪಡೆ ನಿಂಬೆರಸ ಕೊಡಲು ಶುರು ಮಾಡಿದ್ದು 1795ರಲ್ಲಿ. ಸರ್ಕಾರಿ ಕೆಲಸ ಆಗಲೂ ಹಾಗೇ!)

ಮಾವನವರ ಮಾತನ್ನು ತಳ್ಳಿಹಾಕಬೇಡಿ. ಅವರು ‘ಫಸಲು ನೋಡ್ತೀವಿ ಅಷ್ಟೇ’ ಅಂತ ಬಾಯಲ್ಲಿ ಹೇಳುತ್ತಾರೆ, ತಲೆಯಲ್ಲಿ ಬೇರೆ ಲೆಕ್ಕ ನಡೆದಿರುತ್ತದೆ. ‘ಹೋದ ವರ್ಷ ಹೊಸ ಗೊಬ್ಬರ ಹಾಕಿದ್ರಿ, ಫಸಲು ಜಾಸ್ತಿ ಬಂತಲ್ಲ?’ ಅಂತ ಕೇಳಿ ನೋಡಿ. ‘ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಸರಿಯಾದ ಟೈಮಿಗೆ ಬಿತ್ತು ಮಾರಾಯ್ತಿ’ ಅಂತಾರೆ. ಇಲ್ಲವೇ ‘ಅದರ ಹಿಂದಿನ ವರ್ಷ ಕಡಿಮೆ ಇತ್ತು, ಹಾಗಾಗಿ ಆ ಸಲ ಬಂತು’ ಅಂತಾರೆ. ಕಾಫಿ ಗಿಡ ಒಂದು ವರ್ಷ ತುಂಬ ಬಿಟ್ಟರೆ ಮುಂದಿನ ವರ್ಷ ಸುಸ್ತಾಗೋದು ಎಲ್ಲ ಬೆಳೆಗಾರರಿಗೂ ಗೊತ್ತು. ಹೋದ ವರ್ಷದ ಫಸಲನ್ನೂ ಈ ವರ್ಷದ್ದನ್ನೂ ಪಕ್ಕಪಕ್ಕ ಇಟ್ಟು ಗೊಬ್ಬರಕ್ಕೆ ಮಾರ್ಕ್ಸ್ ಕೊಡುವ ಹಾಗಿಲ್ಲ. ಮಳೆಯನ್ನು ಇಂಚು, ಸೆಂಟ್ (ಇಂಚಿನ ನೂರನೇ ಒಂದು ಪಾಲು) ಲೆಕ್ಕದಲ್ಲಿ ದಿನವೂ ಡೈರಿಯಲ್ಲಿ ಬರೆದಿಡುವ ತೋಟದವರು ನಮ್ಮಲ್ಲಿ ಎಷ್ಟು ಜನ ಇಲ್ಲ? ತಾವು ಬದಲಾಯಿಸಲಾಗದ್ದನ್ನು ಕೊನೇಪಕ್ಷ ಬರೆದಿಡೋಣ ಅಂತ ತಾನೇ? ಮೊಮ್ಮಗನನ್ನು ಒಂದು ಸಂಜೆ ಅಜ್ಜನ ಪಕ್ಕ ಕೂರಿಸಿ. ನನಗಿಂತ ಚೆನ್ನಾಗಿ ಹೇಳಿಕೊಡುತ್ತಾರೆ.

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ಗೊಬ್ಬರ ಹಾಕದ ಕುಂಡವನ್ನು ‘ಕಂಟ್ರೋಲ್’ ಅನ್ನುತ್ತಾರೆ, ಅದು ಹೋಲಿಕೆಗೆ ಇಟ್ಟ ಕುಂಡ. ಟೀಚರ್ ಕೇಳಿದ್ದು ಅದನ್ನಲ್ಲ. ಎರಡೂ ಕುಂಡದಲ್ಲಿ ಒಂದೇ ಥರ ಇಡಬೇಕಾದ ಬೆಳಕು, ನೀರು, ಮಣ್ಣಿನ ಅಳತೆ, ಕಾಳಿನ ಗಾತ್ರ, ಬಿತ್ತಿದ ಆಳ, ಇವನ್ನು ಕೇಳಿದ್ದಾರೆ. ಮೇಷ್ಟ್ರುಗಳೂ ಕೆಲವೊಮ್ಮೆ ಇವೆರಡನ್ನು ಕಲಸಿಬಿಡುತ್ತಾರೆ, ಮಗುವಿನ ತಪ್ಪಲ್ಲ. ಹಾಗಂತ ಪ್ರಪಂಚದಲ್ಲಿರುವ ಎಲ್ಲವನ್ನೂ ಒಂದೇ ಥರ ಮಾಡಬೇಕಾಗಿಯೂ ಇಲ್ಲ. ನೀರು ಹಾಕುವಾಗ ಯಾವ ಬಣ್ಣದ ಅಂಗಿ ತೊಟ್ಟಿದ್ದ ಅನ್ನೋದು ಗಿಡಕ್ಕೆ ಬೇಕಾಗಿಲ್ಲ. ಉತ್ತರವನ್ನು ಅಲ್ಲಾಡಿಸಬಲ್ಲದ್ದು ಯಾವುದು, ಅಲ್ಲಾಡಿಸದ್ದು ಯಾವುದು ಅಂತ ಯೋಚಿಸೋದೇ ಅರ್ಧ ಪ್ರಯೋಗ.

ಈಗ ಮುಂದೇನು? ನನಗೆ ಮೂರು ದಾರಿ ಕಾಣುತ್ತದೆ.

ಗೊಬ್ಬರದ ಪ್ರಯೋಗವನ್ನೇ ಸರಿಯಾಗಿ ಮತ್ತೆ ಮಾಡುವುದು ಮೊದಲನೆಯದು. ಕುಂಡ ಬಿಡಿ, ಕಾಫಿ ಸಸಿ ಬೆಳೆಸುವ ಪ್ಲಾಸ್ಟಿಕ್ ಚೀಲ, ಅಂದರೆ ನರ್ಸರಿ ಕವರ್, ತಗೊಳ್ಳಿ. ಎಲ್ಲ ಒಂದೇ ಅಳತೆ, ನೀರು ಬಸಿಯಲು ತೂತೂ ಇರುತ್ತದೆ. ಮೂರು ಕವರಿಗೆ ಗೊಬ್ಬರ, ಮೂರಕ್ಕೆ ಇಲ್ಲ. ಒಂದೊಂದೇ ಇಟ್ಟರೆ ಒಂದು ಕಾಳು ಕೆಟ್ಟದ್ದಾದರೂ ಪ್ರಯೋಗ ಮುಗಿಯಿತು, ಅದಕ್ಕೇ ಮೂರು. ನರ್ಸರಿಯಲ್ಲಿ 6 ಪಾಲು ಕಾಡುಮಣ್ಣು, 2 ಪಾಲು ಹಟ್ಟಿಗೊಬ್ಬರ, 1 ಪಾಲು ಮರಳು ಬೆರೆಸುವುದು ಅಜ್ಜನಿಗೆ ಗೊತ್ತಿರುತ್ತದೆ. ಇಲ್ಲಿ ಮಾತ್ರ ಕಾಡುಮಣ್ಣು ಬೇಡ. ಎಲೆ ಕೊಳೆತು ಕೊಳೆತು ಅದರಲ್ಲೇ ಸಾಕಷ್ಟು ಸತ್ವ ಇರುತ್ತದೆ, ಗೊಬ್ಬರದ ವ್ಯತ್ಯಾಸ ಕಾಣುವುದಿಲ್ಲ. ಬರೆ (ಮಣ್ಣಿನ ದಿಬ್ಬದ ಕಡಿದಾದ ಅಂಚು) ಅಗೆದಾಗ ಸಿಗುವ ಕೆಳಗಿನ ಕೆಮ್ಮಣ್ಣು ಒಳ್ಳೇದು. ಮರಳು ಎರಡಕ್ಕೂ ಅಷ್ಟೇ ಹಾಕಿ. ಗೊಬ್ಬರ ಇಲ್ಲದ ಕವರಿಗೆ ಆ 2 ಪಾಲು ಜಾಗದಲ್ಲಿ ಅದೇ ಕೆಮ್ಮಣ್ಣು ತುಂಬಿ.

ಹೆಸರುಕಾಳೂ ಬೇಡ. ಮೊಳಕೆ ಬಂದ ಗಿಡದಲ್ಲಿ ಕಾಳಿನ ಎರಡು ದಪ್ಪ ಹೋಳು ಕಾಂಡಕ್ಕೆ ಅಂಟಿಕೊಂಡಿರುತ್ತವೆ, ನೋಡಿರುತ್ತೀರಿ. ಮೊದಲ ವಾರವೆಲ್ಲ ಗಿಡ ಅದನ್ನೇ ತಿಂದುಕೊಂಡಿರುತ್ತದೆ. ಹೋಳು ಸುಕ್ಕಾಗಿ ಉದುರುವ ತನಕ ಮಣ್ಣಿನಲ್ಲಿ ಏನಿದೆ ಅಂತ ಅದಕ್ಕೆ ಅಷ್ಟಾಗಿ ಲೆಕ್ಕಕ್ಕಿಲ್ಲ. ಆಮೇಲೂ ಬೇರಿನ ಗಂಟುಗಳಲ್ಲಿ ಸೇರಿಕೊಳ್ಳುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದು ಕೊಡುತ್ತವೆ. ಗೊಬ್ಬರದ ಪರೀಕ್ಷೆಗೆ ಇಂಥ ಗಿಡ ಸರಿಹೋಗುವುದಿಲ್ಲ. ಸಾಸಿವೆಯೋ ಹರಿವೆಯೋ ಹಾಕಿ. ಬೀಜ ಸಣ್ಣದು, ಬುತ್ತಿ ಬೇಗ ಮುಗಿಯುತ್ತದೆ, ಮಣ್ಣಿನ ಗುಣ ಬೇಗ ತಿಳಿಯುತ್ತದೆ. ಎತ್ತರ ಒಂದನ್ನೇ ಅಳೆಯಬೇಡಿ. ಎಲೆ ಎಷ್ಟು, ಬಣ್ಣ ಏನು ಅಂತಲೂ ಬರೆಯಲಿ.

ಇದರಲ್ಲಿರುವ ಅಪಾಯ: ಮೂರು ನಾಲ್ಕು ವಾರ ಬೇಕು, ನಿಮಗಿರೋದು ಅಷ್ಟೇ. ಬಸವನಹುಳು, ಕೋಳಿ, ಬುಡ ಕೊಳೆಯೋದು, ಏನು ಬೇಕಾದರೂ ಆಗಬಹುದು. ಇನ್ನೊಂದು ಸೂಕ್ಷ್ಮವೂ ಇದೆ. ಗೊಬ್ಬರ ಬೆರೆಸಿದ ಮಣ್ಣು ನೀರನ್ನು ಜಾಸ್ತಿ ಹಿಡಿದಿಟ್ಟುಕೊಳ್ಳುತ್ತದೆ. ಎರಡಕ್ಕೂ ಒಂದೇ ಅಳತೆ ನೀರು ಹಾಕಿದರೂ ಒದ್ದೆ ಒಂದೇ ಆಗಿರುವುದಿಲ್ಲ. ಹಾಗಾದರೆ ನೀರನ್ನು ಒಂದೇ ಇಡಬೇಕಾ, ಒದ್ದೆಯನ್ನಾ? ನಾನಾದರೆ ನೀರನ್ನು ಒಂದೇ ಇಡುತ್ತೇನೆ. ಒದ್ದೆ ಉಳಿಸೋದು ಗೊಬ್ಬರ ಮಾಡುವ ಉಪಕಾರದಲ್ಲೇ ಒಂದು, ಅದನ್ನು ಕಸಿದುಕೊಳ್ಳಬಾರದು. ಆದರೆ ಬೇರೆಯವರು ಇನ್ನೊಂದು ಥರ ಹೇಳಿದರೆ ಅದೂ ತಪ್ಪಲ್ಲ, ಪ್ರಶ್ನೆ ಬೇರೆಯಾಗುತ್ತದೆ ಅಷ್ಟೇ. ಮಗನಿಗೆ ಇಷ್ಟು ದೂರ ಬರುವ ಉತ್ಸಾಹ ಇದ್ದರೆ ಈ ಚರ್ಚೆ ಮಾಡಿ, ಇಲ್ಲದಿದ್ದರೆ ಬಿಡಿ.

ಎರಡನೇ ದಾರಿ, ಗಿಡ ಬಿಟ್ಟು ಲೋಲಕ ಹಿಡಿಯುವುದು. ಒಂದು ದಾರ, ಎರಡು ಬೋಲ್ಟು, ಮೊಬೈಲಿನ ಸ್ಟಾಪ್‌ವಾಚ್, ಒಂದು ಸಂಜೆ. ಕಟ್ಟಿದ ಜಾಗದಿಂದ ಬೋಲ್ಟಿನ ಮಧ್ಯದ ತನಕ 1 ಮೀಟರ್ ಇದ್ದರೆ, ಸಣ್ಣಗೆ ತೂಗಿ ಬಿಟ್ಟಾಗ, ಹೋಗಿ ಬರುವ 10 ತೂಗಾಟಕ್ಕೆ ಸುಮಾರು 20 ಸೆಕೆಂಡ್. 25 ಸೆಂ.ಮೀ. ಮಾಡಿದರೆ ಸುಮಾರು 10 ಸೆಕೆಂಡ್. ಉದ್ದ ಹಾಗೇ ಇಟ್ಟು ದೊಡ್ಡ ಬೋಲ್ಟು ಕಟ್ಟಿದರೆ ಸಮಯ ಹೆಚ್ಚುಕಮ್ಮಿ ಬದಲಾಗುವುದೇ ಇಲ್ಲ, ಇದನ್ನು ಮಕ್ಕಳು ಸುಲಭಕ್ಕೆ ನಂಬುವುದಿಲ್ಲ. ಒಂದೊಂದೇ ಬದಲಾಯಿಸೋದು ಯಾಕೆ ಅಂತ ಕಲಿಯಲು ಇದಕ್ಕಿಂತ ಚೊಕ್ಕವಾದ ಪ್ರಯೋಗ ಮನೆಯಲ್ಲಿ ಸಿಗುವುದಿಲ್ಲ. ತೊಂದರೆ ಏನಂದ್ರೆ ಪ್ರದರ್ಶನದ ಟೇಬಲ್ ಮೇಲೆ ಇದು ಮಿಂಚುವುದಿಲ್ಲ. ಪಕ್ಕದಲ್ಲಿ ಯಾರೋ ಹೊಗೆ ಬರುವ ಜ್ವಾಲಾಮುಖಿ ಇಟ್ಟಿರುತ್ತಾರೆ. ಪ್ರದರ್ಶನಕ್ಕೆ ಬೇಡ ಅನ್ನಿಸಿದರೆ ಕಲಿಕೆಗಾದರೂ ಒಂದು ಸಂಜೆ ಮಾಡಿಸಿ.

ಮೂರನೆಯದೇ ನನಗೆ ಹೆಚ್ಚು ಇಷ್ಟ. ಗೊಬ್ಬರ ಬಿಟ್ಟು, ಆ ಉದ್ದನೆಯ ಗಿಡ ಎಬ್ಬಿಸಿದ ಪ್ರಶ್ನೆಯನ್ನೇ ಹಿಡಿಯಿರಿ. ಬೆಳಕು ಕಡಿಮೆಯಾದರೆ ಹೆಸರುಕಾಳಿನ ಗಿಡ ನಿಜವಾಗಿ ಉದ್ದ ಬರುತ್ತದಾ? ಇದಕ್ಕೆ ಹೆಸರುಕಾಳೇ ಸರಿ. ಆರು ಕವರ್, ಒಂದೇ ಮಣ್ಣು, ಗೊಬ್ಬರ ಯಾವುದಕ್ಕೂ ಇಲ್ಲ. ಎಲ್ಲವೂ ಮಾಡಿನ ಕೆಳಗೆ, ಮಳೆ ತಾಗದ ಹಾಗೆ. ಮೂರು ಜಗಲಿಯ ಹೊರ ಅಂಚಿನಲ್ಲಿ ಬೆಳಕಿಗೆ. ಮೂರು ಅಲ್ಲೇ ಪಕ್ಕದಲ್ಲಿ, ಒಂದೊಂದರ ಮೇಲೂ ಒಂದೊಂದು ರಟ್ಟಿನ ಪೆಟ್ಟಿಗೆ ಬೋರಲು ಹಾಕಿ. ಬೆಳಕಿನ ಮೂರಕ್ಕೂ ಅಂಥದೇ ಪೆಟ್ಟಿಗೆ ಬೋರಲು ಹಾಕಿ, ಆದರೆ ಬೆಳಕು ಬರುವ ಕಡೆಯ ಗೋಡೆ ಕತ್ತರಿಸಿ ತೆಳ್ಳಗಿನ ಪ್ಲಾಸ್ಟಿಕ್ ಅಂಟಿಸಿ. ಇಲ್ಲದಿದ್ದರೆ ‘ಪೆಟ್ಟಿಗೆಯೊಳಗೆ ಬೆಚ್ಚಗಿತ್ತು, ಅದಕ್ಕೇ ಉದ್ದ ಬಂತು’ ಅಂತ ಯಾರಾದರೂ ಕೇಳಿದರೆ ಉತ್ತರ ಇರುವುದಿಲ್ಲ. ಎಲ್ಲ ಪೆಟ್ಟಿಗೆಗೂ ಗಾಳಿ ಆಡಲು ಕೆಳಗೆ ಒಂದೇ ಅಳತೆಯ ಸಣ್ಣ ತೂತು ಇರಲಿ. ಒಂದೇ ಸಾಲಿನಲ್ಲಿ ಒಂದು ತುದಿಗೆ ಇರಚಲು ಹೊಡೆಯುತ್ತದೆ ಅಂತಿದ್ದರೆ ಕವರುಗಳನ್ನು ಕಲಸಿ ಇಡಿ, ಬೆಳಕಿನದ್ದು ಕತ್ತಲಿನದ್ದು ಒಂದಾದ ಮೇಲೊಂದು. ಇಂಗ್ಲೆಂಡಿನ ರೋಥಾಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರಕ್ಕೆ 1919ರಲ್ಲಿ ಸೇರಿದ ರೊನಾಲ್ಡ್ ಫಿಶರ್, ಹೊಲದ ಮಣ್ಣು ಒಂದೊಂದು ಕಡೆ ಒಂದೊಂದು ಥರ ಇರುವಾಗ ಏನು ಮಾಡೋದು ಅಂತ ತಲೆ ಕೆಡಿಸಿಕೊಂಡ. ಯಾವ ಗೊಬ್ಬರ ಯಾವ ತುಂಡಿಗೆ ಅನ್ನೋದನ್ನು ಚೀಟಿ ಎತ್ತಿದ ಹಾಗೆ ಹಂಚಿಬಿಡಿ ಅನ್ನೋದು ಅವನ ಉತ್ತರವಾಗಿತ್ತು. ಒಂದೇ ಥರ ಮಾಡಲಾಗದ್ದನ್ನು ಎರಡೂ ಪಕ್ಷಕ್ಕೆ ಸಮನಾಗಿ ಹಂಚುವ ಉಪಾಯ ಅದು.

ಇದರ ಅಪಾಯ ಸಣ್ಣದು. ಪ್ರಶ್ನೆ ಬದಲಾಯಿಸಿದ್ದಕ್ಕೆ ಶಾಲೆಯಲ್ಲಿ ಒಪ್ಪಿಗೆ ಬೇಕಾಗಬಹುದು, ಟೀಚರ್ ಹತ್ತಿರ ಮೊದಲೇ ಮಾತಾಡಿ. ಹಳೇ ಅಳತೆಗಳನ್ನು ಹರಿದು ಹಾಕಬೇಡಿ. ಚಾರ್ಟಿನ ಮೊದಲ ಭಾಗದಲ್ಲಿ ಅದನ್ನೇ ಹಾಕಿ, ಅದರಿಂದ ಯಾಕೆ ಏನೂ ಹೇಳಲಾಗುವುದಿಲ್ಲ ಅಂತ ಅವನೇ ಎರಡು ಸಾಲು ಬರೆಯಲಿ. ತೀರ್ಪುಗಾರನಾಗಿ ಹೇಳುತ್ತೇನೆ, ಅಂಥ ಎರಡು ಸಾಲು ಕಂಡರೆ ನಾನು ಆ ಟೇಬಲ್ ಮುಂದೆ ಜಾಸ್ತಿ ಹೊತ್ತು ನಿಲ್ಲುತ್ತೇನೆ.

ಯಾವ ದಾರಿ ಹಿಡಿದರೂ ನೋಟ್‌ಬುಕ್ಕಿನ ಒಂದು ಪುಟದಲ್ಲಿ ಮೂರು ವಿಷಯ ಇರಲಿ: ಏನು ಬದಲಾಯಿಸುತ್ತೇನೆ, ಏನು ಅಳೆಯುತ್ತೇನೆ, ಏನನ್ನು ಒಂದೇ ಥರ ಇಡುತ್ತೇನೆ. ಮೂರನೆಯದರ ಎದುರು ‘ಹೇಗೆ’ ಅಂತಲೂ ಬರೆಯಬೇಕು. ಮಕ್ಕಳು ಇಲ್ಲಿ ಜಾರುತ್ತಾರೆ. ‘ನೀರು ಒಂದೇ’ ಅಂತ ಬರೆದು, ಒಂದಕ್ಕೆ ಚೊಂಬಿನಲ್ಲಿ ಸುರಿದು, ಇನ್ನೊಂದಕ್ಕೆ ಕೈಯಲ್ಲಿ ಚಿಮುಕಿಸುತ್ತಾರೆ. ಕೆಮ್ಮಿನ ಔಷಧಿ ಬಾಟಲಿಯ ಮುಚ್ಚಳದಲ್ಲಿ ಮಿ.ಲೀ. ಗೆರೆ ಇರುತ್ತದೆ. ಅದನ್ನು ತೊಳೆದು ಕೊಡಿ. ‘ದಿನಾ ಸಂಜೆ ಪ್ರತಿ ಕವರಿಗೆ 30 ಮಿ.ಲೀ.’ ಅಂತ ಬರೆದರೆ ಅದು ನಿಯಂತ್ರಣ. ಈ ಹವೆಯಲ್ಲಿ ಮಣ್ಣು ಒಣಗುವುದಿಲ್ಲ, ಮೇಲ್ಮಣ್ಣು ಒದ್ದೆಯಾಗೇ ಇದ್ದರೆ ಆ ದಿನ ಆರಕ್ಕೂ ನೀರು ಬೇಡ. ಒಂದಕ್ಕೆ ಹಾಕಿ ಇನ್ನೊಂದಕ್ಕೆ ಬಿಡೋದು ಮಾತ್ರ ಬೇಡ. ಅಳೆಯುವಾಗ ಸ್ಕೇಲಿನ ಸೊನ್ನೆ ಮಣ್ಣಿನ ಮಟ್ಟದಲ್ಲಿರಲಿ, ವಾಲಿದ ಗಿಡವನ್ನು ಮೆಲ್ಲಗೆ ನೆಟ್ಟಗೆ ಹಿಡಿದು ಅಳೆಯಲಿ.

ನೀವು ನೀರು ಹಾಕಬೇಡಿ. ಅವನು ಶಾಲೆಯಿಂದ ಬರೋದು ತಡವಾದರೂ ಅವನೇ ಹಾಕಲಿ. ಒಂದು ದಿನ ಮರೆತರೆ ‘ಮರೆತೆ’ ಅಂತ ಬರೆಯಲಿ.

ಮೂರನೇ ದಾರಿ ಹಿಡಿಯೋದಾದರೆ, ಇವತ್ತು ರಾತ್ರಿ ಕಾಳು ನೆನೆಸಿ ನಾಳೆ ಬಿತ್ತಬಹುದು. ಕವರಿಗೆ ನಾಲ್ಕು ಕಾಳು, ಒಂದೇ ಆಳದಲ್ಲಿ. ಮೂರು ನಾಲ್ಕು ದಿನಕ್ಕೆ ಮೊಳಕೆ ಮೇಲೆ ಬರುತ್ತದೆ. ಹತ್ತು ಹನ್ನೆರಡು ದಿನಕ್ಕೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಕತ್ತಲಲ್ಲಿರುವುದನ್ನು ಅದಕ್ಕಿಂತ ಜಾಸ್ತಿ ದಿನ ಬಿಡಬೇಡಿ, ಬಿದ್ದುಹೋಗುತ್ತದೆ. ಮೊದಲ ಸುತ್ತನ್ನು ಬಸವನಹುಳು ಮುಗಿಸಿದರೂ ಎರಡನೇ ಸುತ್ತಿಗೆ ನಿಮಗೆ ಸಮಯ ಉಳಿಯುತ್ತದೆ.